ಸವೆಯದ ಅಟ್ಟೆ

೩ ಆಗಸ್ಟ್
ಮೂರನೇ ತಂಗುಮನೆ

ಅಕ್ಕಾ,

ಮೂರು ದಿನ, ಅರವತ್ತೊಂದು ಕಿಲೋಮೀಟರು. ಕಾಲಲ್ಲಿ ಒಂದು ಗುಳ್ಳೆಯೂ ಇಲ್ಲ. ನೀನು ಹೊಲಿದ ಬೂಟು ನೋಡಿ ಇಲ್ಲಿ ಇಬ್ಬರು ವಿಳಾಸ ಕೇಳಿದರು. "ಅಂಗಡಿ ಚಿಕ್ಕದು, ನಮ್ಮಕ್ಕನ ಬಾಯಿ ಮಾತ್ರ ದೊಡ್ಡದು, ಸ್ವಲ್ಪ ನೋಡ್ಕೊಂಡು ಮಾತಾಡಿ" ಎಂದು ಎಚ್ಚರಿಸಿಯೇ ಬರೆದುಕೊಟ್ಟಿದ್ದೇನೆ. ಬಂದರೆ ಜಗಳಕ್ಕೆ ನಿಲ್ಲಬೇಡ.

ಹಿಂದೆ ಟಪಾಲು ಹೊತ್ತವರು ನಡೆದ ದಾರಿ ಇದು. ಈ ಸಮುದ್ರದಿಂದ ಹೊರಟು, ಬೆಟ್ಟ ಹತ್ತಿ, ಕಣಿವೆ ದಾಟಿ, ಆಚೆಯ ಸಮುದ್ರದ ದೀಪಸ್ತಂಭದ ಬುಡದಲ್ಲಿ ಮುಗಿಯುತ್ತದೆ. ಒಟ್ಟು ಎಂಟುನೂರ ಇಪ್ಪತ್ತು ಕಿಲೋಮೀಟರು. ಅಂದಾಜು ಒಂದು ದಿನದ ನಡಿಗೆಗೆ ಒಂದು ತಂಗುಮನೆ. ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ ಮಾಡಿಸಿ ಒಂದೇ ಮೈದಾನದಲ್ಲಿ ಸುತ್ತಿದ ಕಾಲಿಗೆ ನೇರ ದಾರಿ ಸಿಕ್ಕಿದ್ದೇ ಹುಚ್ಚು ಹಿಡಿದಿದೆ.

ಒಪ್ಪಂದ ನೆನಪಿದೆ ತಾನೆ? ಹೊರಟ ದಿನ ನೀನು ಅಂಗಡಿಯ ಅರ್ಧ ಬಾಗಿಲ ಹಿಂದೆ ನಿಂತೇ ಹೇಳಿದೆ: "ನೀನು ಆ ಕೊನೆ ಮುಟ್ಟು, ನಾನು ರೈಲು ಹತ್ತಿ ಅಲ್ಲಿಗೆ ಬರ್ತೀನಿ. ಅಲ್ಲೀವರೆಗೂ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಹೋಗೋದು ಅಭ್ಯಾಸ ಮಾಡ್ತೀನಿ." ಚೌಕದ ನಡುವೆ ಕಾಲು ಕಿತ್ತಿಡಲಾಗದೆ ನೀನು ನಿಂತುಬಿಟ್ಟ ಆ ದಿನದಿಂದ ಎರಡೂವರೆ ವರ್ಷ ಹೊಸ್ತಿಲು ದಾಟಿಲ್ಲ, ಅಕ್ಕಾ. ಡಾಕ್ಟರು, ಮಾತ್ರೆ, ನನ್ನ ಬೈಗುಳ ಯಾವುದೂ ನಡೆಯಲಿಲ್ಲ. ನೀನಾಗಿಯೇ ಬಾಯಿಬಿಟ್ಟು ಹೇಳಿದ್ದು ಇದೊಂದೇ ಮಾತು. ನಾನು ತೆವಳಿಕೊಂಡಾದರೂ ಆ ದೀಪಸ್ತಂಭ ಮುಟ್ಟುತ್ತೇನೆ.

ಕಾಗದವನ್ನೆಲ್ಲ ಎಂಟನೇ ತಂಗುಮನೆಯ ವಿಳಾಸಕ್ಕೇ ಹಾಕು. ಅದು ದೊಡ್ಡದು. ನಾನು ಎಲ್ಲಿದ್ದರೂ ಅಲ್ಲಿಂದ ಟಪಾಲು ಗಾಡಿ ಮುಟ್ಟಿಸುತ್ತದೆ. ನಾನೂರು ಕಿಲೋಮೀಟರು ಆದಮೇಲೆ ಈ ಜೋಡಿ ಬಿಚ್ಚಿ ನಿನಗೆ ಕಳಿಸಿ, ಎರಡನೆಯದು ಹಾಕಿಕೊಳ್ಳುತ್ತೇನೆ.

ನಿನ್ನ ಬುಗುರಿ

೭ ಆಗಸ್ಟ್

ಬುಗುರಿ,

ನನ್ನ ಬಾಯಿಯ ಸುದ್ದಿಯನ್ನು ಬೆಟ್ಟದ ಮೇಲೂ ಡಂಗುರ ಹೊಡೆದದ್ದಕ್ಕೆ ಸಂತೋಷ. ಗುಳ್ಳೆ ಇಲ್ಲ ಎಂದು ಬರೆದಿದ್ದೀಯ, ಹೇಗೆ ಬರುತ್ತದೆ? ಆ ಎರಡು ಜೋಡಿಗೆ ಹತ್ತೊಂಬತ್ತು ದಿನ ಬೆನ್ನು ಬಗ್ಗಿಸಿ ಕೂತಿದ್ದೇನೆ. ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ ಗಾಳಿಗಿಡು. ಒಲೆಯ ಹತ್ತಿರ ಇಟ್ಟು ಚರ್ಮ ಸುಟ್ಟರೆ ಕಿವಿ ಹಿಂಡುತ್ತೇನೆ.

ನನ್ನ ಸುದ್ದಿ ಕೇಳು. ನಿನ್ನೆ ಬಾಗಿಲು ತೆಗೆದೆ. ಮೂರು ಮೆಟ್ಟಿಲು ಇಳಿದೆ. ಪಕ್ಕದ ಟೈಲರ್ ಅಂಗಡಿಯವರೆಗೆ ಹೋದೆ. ಅವರು ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ಉಗುಳಿ, "ಏನಮ್ಮಾ, ಅಂಗಡಿಗೆ ಬೆಂಕಿ ಬಿತ್ತಾ?" ಅಂದರು. "ಇಲ್ಲ, ಸುಮ್ನೆ ಬಂದೆ" ಅಂದೆ. ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ. ಆದರೆ ಹೋದೆ.

ನೀನು ದಿನಕ್ಕೆ ಇಪ್ಪತ್ತು ಕಿಲೋಮೀಟರು ನಡೆಯುತ್ತಿರುವಾಗ ನಾನು ಮೂರು ಮೆಟ್ಟಿಲಾದರೂ ಇಳಿಯದಿದ್ದರೆ ಯಾವ ಮುಖ ಇಟ್ಟುಕೊಂಡು ಕಾಗದ ಬರೆಯಲಿ?

ಅಕ್ಕ

೧೨ ಆಗಸ್ಟ್
ಎಂಟನೇ ತಂಗುಮನೆ

ಅಕ್ಕಾ,

ನಿನ್ನ ಕಾಗದ ಓದಿ ಎಷ್ಟು ಖುಷಿಯಾಯಿತು ಎಂದರೆ ಇಲ್ಲಿಯ ತಂಗುಮನೆಯವರಿಗೂ ಓದಿ ಹೇಳಿದೆ. ಅವರು ಸೊಪ್ಪು ಹೆಚ್ಚುತ್ತಾ, "ಮೂರು ಮೆಟ್ಟಿಲು ಇಳಿದ್ರೆ ಅಷ್ಟೊಂದು ಸಂಭ್ರಮವಾ?" ಅಂದರು. ಅವರಿಗೇನು ಗೊತ್ತು.

ಒಂದು ಸಣ್ಣ ವಿಷಯ. ಮೂರು ದಿನದ ಹಿಂದೆ ಹಳ್ಳ ದಾಟುವಾಗ ಕಲ್ಲು ಜಾರಿತು, ಎಡಗಾಲು ಸ್ವಲ್ಪ ಉಳುಕಿದೆ. ಗಾಬರಿ ಬೀಳುವಂಥದ್ದೇನಿಲ್ಲ. ಎರಡು ದಿನ ಮಲಗಿ ಎದ್ದರೆ ಸರಿಹೋಗುತ್ತದೆ. ಮೇಲಿನ ಮಾಳಿಗೆಯಲ್ಲಿ ಕೋಣೆ ಕೊಟ್ಟಿದ್ದಾರೆ. ಸೂರು ಎಷ್ಟು ಇಳಿಜಾರು ಎಂದರೆ ಹಾಸಿಗೆಯಲ್ಲಿ ಎದ್ದು ಕೂತರೆ ತಲೆಗೆ ಬಡಿಯುತ್ತದೆ. ಕಿಟಕಿಯಾಚೆ ಲಾಂಡ್ರಿಯ ಗೋಡೆ ಮತ್ತು ಹಬೆ ಬಿಡುವ ಒಂದು ಕೊಳವೆ, ಬೇರೇನೂ ಕಾಣುವುದಿಲ್ಲ. ಎರಡು ದಿನಕ್ಕೆ ಅಷ್ಟು ಸಾಕು.

ನಿನ್ನ ಬುಗುರಿ

೧೭ ಆಗಸ್ಟ್

ಬುಗುರಿ,

ಉಳುಕಿಗೆ ಬಿಸಿನೀರು ಹಾಕಬೇಡ, ತಣ್ಣೀರು ಬಟ್ಟೆ ಸುತ್ತು. ಬೂಟಿನ ಲೇಸನ್ನು ಮೇಲಿನ ಎರಡು ತೂತಿಗೆ ಬಿಗಿಯಬೇಡ. ಈ ಹೊತ್ತಿಗೆ ಹತ್ತನೆಯದನ್ನೋ ಹನ್ನೊಂದನೆಯದನ್ನೋ ದಾಟಿರುತ್ತೀಯ. ನಿನ್ನನ್ನು ಎರಡು ದಿನ ಮಲಗಿಸಿದ ಆ ಕಲ್ಲಿಗೆ ನಾನೊಂದು ಹೂವಿಡಬೇಕು. ನೀನು ಹುಟ್ಟಿದಾಗಿನಿಂದ ಅದು ನನ್ನ ಕೈಲಿ ಆಗಲಿಲ್ಲ.

ಇವತ್ತು ಅಂಚೆ ಕಚೇರಿಯವರೆಗೆ ಹೋದೆ. ಆರುನೂರ ನಲವತ್ತು ಹೆಜ್ಜೆ, ಎಣಿಸಿದ್ದೇನೆ. ಔಷಧಿ ಅಂಗಡಿಯ ಮುಂದೆ ಹೊಸದಾಗಿ ಡಾಂಬರು ಹಾಕಿದ್ದಾರೆ, ಇನ್ನೂ ಅಂಟುತ್ತದೆ. ಬಡಗಿಯ ಅಂಗಡಿಯ ಹೊಟ್ಟು ರಸ್ತೆಯ ಅರ್ಧಕ್ಕೆ ಬಂದಿದೆ. ಚೌಕ ಬಂತು, ದಾಟಿದೆ. ಈ ಕಾಗದವನ್ನು ನಾನೇ ಡಬ್ಬಿಗೆ ಹಾಕುತ್ತೇನೆ.

ಇನ್ನೇನು ಬರೆಯಲಿ. ನೀನು ನಿಲ್ಲಬೇಡ, ನಾನೂ ನಿಲ್ಲುವುದಿಲ್ಲ.

ಅಕ್ಕ

೨೭ ಆಗಸ್ಟ್
ಕಣಿವೆಯ ಆಚೆ

ಅಕ್ಕಾ,

ತಡವಾಯಿತು, ಬೈಯಬೇಡ. ಬರೆಯಲು ಪುರುಸೊತ್ತಿಲ್ಲದಷ್ಟು ನಡೆದಿದ್ದೇನೆ. ನೀನು ಚೌಕ ದಾಟಿದೆ ಎಂದು ಓದಿದ ದಿನ ಅತ್ತುಬಿಟ್ಟೆ. ಚೌಕವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ಅಷ್ಟು ಸುಲಭವಾಯಿತೇ?

ಕಣಿವೆ ದಾರಿಯ ನೆತ್ತಿಯಲ್ಲಿ ಗಾಳಿ ಮನುಷ್ಯರನ್ನು ಪಕ್ಕಕ್ಕೆ ತಳ್ಳುತ್ತದಂತೆ. ತಳ್ಳುತ್ತದೆ, ನಾನೇ ನೋಡಿದೆ. ಆ ಕಡೆ ಇಳಿದರೆ ಮೂರು ಕೆರೆ ಒಂದರ ಕೆಳಗೊಂದು. ಮೊದಲನೆಯದು ಹಸಿರು, ಎರಡನೆಯದು ಕಪ್ಪು. ಮೂರನೆಯದರ ಬಣ್ಣದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಳಿಗ್ಗೆ ಆರಕ್ಕೆ ಎಲ್ಲರ ಬೂಟಿನ ಸದ್ದು ಮೆಟ್ಟಿಲಲ್ಲಿ ಶುರುವಾಗುತ್ತದೆ, ಆರೂವರೆಗೆ ನಿಂತುಹೋಗುತ್ತದೆ. ಆಮೇಲಿನ ನಿಶ್ಶಬ್ದ ಬಹಳ ಉದ್ದ.

ನಾನೂರು ಮುಗಿಯಿತು. ಬೂಟು ಕಳಿಸುತ್ತಿದ್ದೇನೆ. ಅಡಿಯ ಅಟ್ಟೆ ಚೆನ್ನಾಗಿಯೇ ಸವೆದಿದೆ, ನೋಡು. ಅವಸರವೇನಿಲ್ಲ, ನಿಧಾನವಾಗಿ ಬದಲಿಸು.

ನಿನ್ನ ಬುಗುರಿ

೩ ಸೆಪ್ಟೆಂಬರ್

ಬುಗುರಿ,

ಬೂಟು ಬಂತು.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಎಡಗಾಲು ಹೇಗಿದೆ? ಉಳುಕಿನ ಮಾತನ್ನೇ ಬಿಟ್ಟುಬಿಟ್ಟಿದ್ದೀಯ. ನೀನು ಕಣಿವೆಯಾಚೆಯಿಂದ ಬರೆದ ಕಾಗದವೂ ಎಂಟನೇ ತಂಗುಮನೆಯ ಹೆಸರು, ಫೋನ್ ನಂಬರು ಅಚ್ಚಾದ ಹಾಳೆಯಲ್ಲೇ ಇದೆ. ಒಂದು ಹಾಳೆ ಎತ್ತಿಕೊಂಡು ಹೋದೆಯೋ, ಇಡೀ ಕಟ್ಟನ್ನೇ ಲಪಟಾಯಿಸಿದೆಯೋ?

ನಾನು ದಿನಾ ಹೋಗಿ ಬರುತ್ತಿದ್ದೇನೆ. ಮೊನ್ನೆ ಸ್ಟೇಷನ್ನಿನವರೆಗೂ ಹೋಗಿ ರೈಲಿನ ವೇಳೆ ನೋಡಿಕೊಂಡು ಬಂದೆ.

ಬೇಗ ಉತ್ತರ ಬರೆ. ಕಾಲಿನ ಬಗ್ಗೆ ಬರೆ.

ಅಕ್ಕ

೯ ಸೆಪ್ಟೆಂಬರ್

ಅಕ್ಕಾ,

ಸ್ಟೇಷನ್ನಿಗೆ ಹೋದೆಯಾ? ನಿಜವಾಗಲೂ ಹೋದೆಯಾ? ಹಾಗಾದರೆ ನಾನು ಗೆದ್ದೆ, ನೀನೂ ಗೆದ್ದೆ.

ಹಾಳೆಯ ಕಟ್ಟನ್ನು ಲಪಟಾಯಿಸಿದ್ದೇ ನಿಜ, ಏನೀಗ? ಕಾಲು ಉಕ್ಕಿನಂತಿದೆ. ನಿನ್ನೆ ಮೂವತ್ತೊಂದು ಕಿಲೋಮೀಟರು ನಡೆದೆ. ಮೊನ್ನೆ ಇಪ್ಪತ್ತೆಂಟು. ಇಲ್ಲಿ ಎಲ್ಲರೂ ನನ್ನನ್ನು ನೋಡಿ ಬೆರಗಾಗಿದ್ದಾರೆ. ಇನ್ನು ಇನ್ನೂರೈವತ್ತು ಉಳಿದಿರಬಹುದು, ಹೆಚ್ಚೆಂದರೆ ಹದಿಮೂರು ದಿನ. ನೀನು ಟಿಕೆಟ್ ಮಾತ್ರ ಇನ್ನೂ ತೆಗೆಯಬೇಡ. ನಾನು ದಿನ ಹೇಳುತ್ತೇನೆ. ಹೇಳುವವರೆಗೆ ತೆಗೆಯಬೇಡ.

ಸೂರಿನ ಹಲಗೆ ಎಣಿಸಿದರೆ ನಲವತ್ತಮೂರು. ಯಾವ ತಂಗುಮನೆಗೆ ಹೋದರೂ ಹೀಗೇ ಏನಾದರೂ ಎಣಿಸುವ ಚಟ ಬಂದಿದೆ.

ನಿನ್ನ ಬುಗುರಿ

೧೪ ಸೆಪ್ಟೆಂಬರ್

ಬುಗುರಿ,

ಇನ್ನು ಸಾಕು.

ನೀನು ಆರು ವರ್ಷದ ಹುಡುಗಿ ಆಗಿದ್ದಾಗಿನಿಂದ ನಿನ್ನ ಕಾಲಿಗೆ ಮೆಟ್ಟು ಹೊಲಿಯುತ್ತಿರುವವಳು ನಾನು. ನೀನು ಎಡಗಾಲನ್ನು ಹೊರಕ್ಕೆ ಒತ್ತಿ ನಡೆಯುವವಳು. ಶಾಲೆಯ ಚಪ್ಪಲಿಯಿಂದ ಹಿಡಿದು ಇವತ್ತಿನವರೆಗೆ ನಿನ್ನ ಎಡ ಹಿಮ್ಮಡಿಯ ಹೊರ ಅಂಚು ಮೊದಲು ಹೋಗುತ್ತದೆ, ಬಲಗಾಲಿನದು ಎರಡು ತಿಂಗಳು ಹೆಚ್ಚಿಗೆ ಬಾಳುತ್ತದೆ. ಅಪ್ಪ ಇದ್ದಾಗಲೂ "ಇವಳಿಗೆ ಒಂದೇ ಕಾಲಿನ ಮೆಟ್ಟು ಮಾರಬೇಕು" ಎಂದು ನಗುತ್ತಿದ್ದರು.

ನೀನು ಕಳಿಸಿದ ಬೂಟಿನಲ್ಲಿ ಹೊರ ಅಂಚು ನೂರೈವತ್ತು, ನೂರಾ ಅರವತ್ತು ಕಿಲೋಮೀಟರಿನಷ್ಟು ಸವೆದಿದೆ. ಅದು ನಿನ್ನ ನಡಿಗೆ. ಅದರ ಮೇಲೆ ಯಾರೋ ಎಡ ಬಲ ಎರಡನ್ನೂ ಒಂದೇ ಸಮನಾಗಿ ಕಲ್ಲಿಗೆ ಉಜ್ಜಿದ್ದಾರೆ. ಹಾಗೆ ಸಮನಾಗಿ ನಡೆಯುವ ಮನುಷ್ಯರನ್ನು ನಾನು ಈ ಕೆಲಸದಲ್ಲಿ ಕಂಡಿಲ್ಲ. ಎಡಗಾಲಿನ ಲೇಸಿನ ತೂತುಗಳು ಹಿಗ್ಗಿವೆ. ಊದಿದ ಕಾಲನ್ನು ಅದರೊಳಗೆ ತುರುಕಲು ನೋಡಿದ್ದೀಯ. ನನ್ನ ಕಣ್ಣಿಗೆ ಮಣ್ಣೆರಚಬಹುದು ಬುಗುರಿ, ಅಟ್ಟೆಯ ವಿಷಯದಲ್ಲಿ ಸಾಧ್ಯವಿಲ್ಲ.

ನೀನು ಎಂಟನೇ ತಂಗುಮನೆ ಬಿಟ್ಟು ಹೋಗೇ ಇಲ್ಲ. ಮುಂದೆ ಹೋಗುವವರ ಕೈಯಲ್ಲಿ ಕಾಗದ ಕೊಟ್ಟು ದೂರದಿಂದ ಹಾಕಿಸುತ್ತಿದ್ದೀಯ. ಕಾಲಿಗೆ ಏನಾಗಿದೆ, ಇದ್ದದ್ದು ಇದ್ದ ಹಾಗೆ ಬರೆ. ಬರೆದು ಬಸ್ಸು ಹತ್ತಿ ಮನೆಗೆ ಬಾ. ದೀಪಸ್ತಂಭ ಅಲ್ಲೇ ಇರುತ್ತದೆ. ನಾನು ಹೇಗೂ ಹೊರಗೆ ಓಡಾಡುತ್ತಿದ್ದೇನಲ್ಲ, ಒಪ್ಪಂದದ ಅರ್ಧ ಆಯಿತು ಅಂದುಕೋ.

ಅಕ್ಕ

೨೦ ಸೆಪ್ಟೆಂಬರ್
ಎಂಟನೇ ತಂಗುಮನೆ

ಅಕ್ಕಾ,

ಹೌದು. ಇಲ್ಲೇ ಇದ್ದೇನೆ. ನಲವತ್ತೆರಡು ದಿನದಿಂದ ಇದೇ ಕೋಣೆ, ಇದೇ ಗೋಡೆ, ಇದೇ ಕೊಳವೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎರಡು ಮಧ್ಯಾಹ್ನ ಬೂಟು ಉಜ್ಜಿದೆ. ಎಷ್ಟು ಜಾಣತನದಿಂದ ಉಜ್ಜಿದ್ದೆ ಎಂದರೆ ಎರಡೂ ಒಂದೇ ಸಮ ಇವೆಯೇ ಎಂದು ಬೆರಳಿಟ್ಟು ಅಳತೆ ಮಾಡಿದ್ದೆ. ಬೆಪ್ಪುತಕ್ಕಡಿ ನಾನು.

ಹಿಮ್ಮಡಿಯ ಮೇಲಿನ ನರ ಅರ್ಧ ಹರಿದಿದೆ. ಇಲ್ಲಿಯ ಡಾಕ್ಟರು, "ಆಪರೇಷನ್ ಮಾಡಿಸ್ಕೊಳ್ಳಿ. ಇದರ ಮೇಲೆ ಬೆಟ್ಟ ಹತ್ತಿದ್ರೆ ಪೂರ್ತಿ ಕಿತ್ತು ಬರತ್ತೆ, ಆಮೇಲೆ ಜೀವಮಾನ ಪೂರ್ತಿ ಕಾಲು ಎಳ್ಕೊಂಡೇ ಓಡಾಡ್ಬೇಕು" ಅಂದಿದ್ದಾರೆ. ಮಕ್ಕಳ ಮುಂದೆ ಸೀಟಿ ಊದಿ ಓಡುವ ಕೆಲಸ ನನ್ನದು. ಗೊತ್ತಿದ್ದೂ ಮನೆಗೆ ಬರಲಿಲ್ಲ. ನಿನ್ನ ಪ್ರತಿ ಕಾಗದದಲ್ಲೂ ನೀನು ಇನ್ನಷ್ಟು ದೂರ ಹೋಗಿರುತ್ತಿದ್ದೆ. ನಾನು ನಿಂತೆ ಎಂದು ತಿಳಿದರೆ ನೀನು ಮತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೀಯ ಎಂದು ಹೆದರಿದೆ.

ಈಗ ನಿನ್ನ ಸರದಿ, ಅಕ್ಕಾ. ಮೊನ್ನೆ ನಮ್ಮ ಬೀದಿಯ ಹಲ್ಲಿನ ಡಾಕ್ಟರು ರಜೆಯಲ್ಲಿ ಈ ದಾರಿ ನಡೆಯುತ್ತಾ ಇಲ್ಲಿ ತಂಗಿದರು. ನನ್ನ ಎರಡನೇ ಜೋಡಿಯ ಹೊಲಿಗೆ ನೋಡಿಯೇ ಗುರುತು ಹಿಡಿದರು. "ನಿಮ್ಮಕ್ಕ ಹೊರಗೆ ಬರ್ತಾರಾ? ಯಾರು ಹೇಳಿದ್ದು? ಆ ಅರ್ಧ ಬಾಗಿಲು ನಾನು ತೆರೆದಿದ್ದು ನೋಡೇ ಇಲ್ಲ. ಕಾಗದ ಎಲ್ಲಾ ಟೈಲರ್ ತಾನೇ ಡಬ್ಬಿಗೆ ಹಾಕೋದು" ಅಂದರು. ಡಾಂಬರು, ಮರದ ಹೊಟ್ಟು ಎಲ್ಲವನ್ನೂ ಗಿರಾಕಿಗಳ ಅಟ್ಟೆಯಿಂದ ಕೆರೆದು ತೆಗೆದು ನನಗೆ ಬರೆದೆಯಲ್ಲ. ಅವರ ಮುಂದೆ ನಕ್ಕೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ನಾನು ಕೊನೆ ಮುಟ್ಟದೆ ನೀನು ಹೊರಗೆ ಬರುವುದಿಲ್ಲ ಎಂಬುದು ಈಗ ಸ್ಪಷ್ಟವಾಯಿತು. ತಿಂಗಳ ಕೊನೆಗೆ ಹಿಮ ಬೀಳುತ್ತದೆಂದು ಕಣಿವೆಯ ದಾರಿ ಮುಚ್ಚುತ್ತಾರೆ. ಇಪ್ಪತ್ತನಾಲ್ಕರಂದು ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತೇನೆ. ಕಾಲಿಗೆ ಪಟ್ಟಿ ಬಿಗಿದುಕೊಂಡಿದ್ದೇನೆ, ಕೋಲಿದೆ. ನಿನಗೆ ಈ ಕಾಗದ ಮುಟ್ಟುವ ಹೊತ್ತಿಗೆ ದಾರಿಯಲ್ಲಿರುತ್ತೇನೆ, ತಡೆಯಲು ಕಾಗದ ಬರೆಯಬೇಡ. ಕಾಲು ಹೋದರೆ ಒಂದು ಕಾಲು. ನೀನು ಆ ನಾಲ್ಕು ಗೋಡೆಯ ನಡುವೆ ಮುದುಕಿಯಾಗುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ನಿನ್ನ ಬುಗುರಿ

೨೪ ಸೆಪ್ಟೆಂಬರ್
ಅಂಚೆ ಕಚೇರಿ

ಬುಗುರಿ,

ಮೇಲೆ ತಾರೀಖಿನ ಕೆಳಗೆ ಬರೆದದ್ದನ್ನು ಇನ್ನೊಮ್ಮೆ ಓದು. ಈ ಸಲ ಅದು ನಿಜ. ಹಾಳೆ ಗುಮಾಸ್ತರದು, ಪೆನ್ನು ದಾರ ಕಟ್ಟಿ ಮೇಜಿಗೆ ನೇತುಹಾಕಿದ್ದು.

ನಿನ್ನ ಕಾಗದ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಓದಿದವಳೇ ನಿನ್ನ ಹಿಂದಿನ ಕಾಗದಗಳನ್ನು ಕೆದಕಿದೆ. ಹಳೆಯ ಹಾಳೆಯ ಮೇಲೆ ಅಚ್ಚಾದ ಫೋನ್ ನಂಬರು ಕಾಣಿಸಿತು. ನನ್ನ ಅಂಗಡಿಗೂ ಟೈಲರ್ ಅಂಗಡಿಗೂ ಫೋನಿಲ್ಲ, ಇರುವುದು ಇಲ್ಲಿ. ಟೈಲರ್ ಟೇಪು ಕೊರಳಲ್ಲೇ ಹಾಕಿಕೊಂಡು, "ನಂಬರ್ ಕೊಡಮ್ಮ, ನಾನು ಓಡಿ ಹೋಗಿ ಮಾಡ್ತೀನಿ" ಅಂದರು. ಕೊಡಲು ಕೈ ಚಾಚಿದ್ದೆ. ಆಗ ಹೊಳೆಯಿತು, ಟೈಲರ್ ಫೋನ್ ಮಾಡಿದರೆ ಅಕ್ಕ ಇನ್ನೂ ಒಳಗೇ ಇದ್ದಾಳೆ ಎಂದು ನಿನಗೆ ಖಾತ್ರಿಯಾಗಿ ನೀನು ಇನ್ನೂ ಜೋರಾಗಿ ಹೊರಡುತ್ತೀಯ. ಜೊತೆಗೆ ಬರುತ್ತೇನೆ ಅಂದರು, ಬೇಡ ಅಂದೆ. ಯಾರಾದರೂ ಪಕ್ಕದಲ್ಲಿದ್ದರೆ ಅವರ ತೋಳು ಹಿಡಿದು ವಾಪಸ್ ಎಳೆದುಕೊಂಡು ಬರುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು.

ಹೆಜ್ಜೆ ಆರುನೂರ ನಲವತ್ತಲ್ಲ. ಒಂಬೈನೂರ ಹನ್ನೊಂದು. ಮುಕ್ಕಾಲು ಗಂಟೆ ಹಿಡಿಯಿತು. ಗೋಡೆ ಇದ್ದ ಕಡೆ ಗೋಡೆ ಹಿಡಿದೆ. ಡಾಂಬರು ಒಣಗಿ ಎಷ್ಟೋ ದಿನವಾಗಿದೆ. ಚೌಕದಲ್ಲಿ ಹಿಡಿಯಲು ಗೋಡೆ ಇರಲಿಲ್ಲ. ನಡುವೆ ಬಂದಾಗ ಕಾಲು ಮತ್ತೆ ನಿಂತಿತು, ಹಿಂದೆ ನಿಂತ ಹಾಗೆಯೇ. ಬಾಯಿ ಒಣಗಿತು, ಉಸಿರು ಸಿಗಲಿಲ್ಲ, ಇಲ್ಲೇ ಸಾಯುತ್ತೇನೆ ಎನ್ನಿಸಿತು. ಒಬ್ಬ ಹೆಂಗಸು, "ಹುಷಾರಾಗಿದ್ದೀರಾ?" ಅಂತ ಕೇಳಿದಳು. "ಇಲ್ಲ" ಅಂದೆ. ಅವಳ ಕಾಲು ನೋಡಿದೆ, ಬಲಗಡೆ ಹಿಮ್ಮಡಿ ಕಳಚಲು ಒಂದು ಮೊಳೆ ಮಾತ್ರ ಬಾಕಿ ಇತ್ತು. "ಅಂಗಡಿಗೆ ತನ್ನಿ, ಹೊಡೆದು ಕೊಡ್ತೀನಿ" ಅಂದೆ. ಹಾಗನ್ನುತ್ತಾ ಎರಡು ಹೆಜ್ಜೆ ಇಟ್ಟಿದ್ದೆ. ಆಮೇಲೆ ಆಚೆ ಬದಿ ಸಿಕ್ಕಿತು.

ಫೋನು ತಂಗುಮನೆಯವರು ಎತ್ತಿದರು. ನಿನ್ನನ್ನು ಕರೆಯಿರಿ ಅಂದೆ.

"ಅವರು ಆಗಲೇ ಹೊರಟರಲ್ಲ. ಊಟಾನೂ ಮಾಡ್ಲಿಲ್ಲ. ಬೇಡ ಬೇಡ ಅಂದೆ, ನನ್ನ ಮಾತು ಎಲ್ಲಿ ಕೇಳ್ತಾರೆ?"

"ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ. ಆದ್ರೆ ಆ ಕಾಲಲ್ಲಿ ಎಷ್ಟು ದೂರ ಹೋಗಿರ್ತಾರೆ? ಬೆಟ್ಟ ಶುರುವಾಗೋದು ಸೇತುವೆ ಆಚೆ."

"ಅವಳನ್ನ ಹಿಡೀರಿ. ಅಕ್ಕ ಅಂಚೆ ಕಚೇರಿಗೆ ಬಂದು ತಾನೇ ಫೋನ್ ಮಾಡಿದ್ಳು ಅಂತ ಹೇಳಿ. ಬೇರೇನೂ ಹೇಳ್ಬೇಡಿ, ಅಷ್ಟೇ ಹೇಳಿ."

"ಅಷ್ಟಕ್ಕೆ ನಿಲ್ತಾರಾ?" ಅಂದರು.

"ನಿಲ್ತಾಳೆ."

ಅವರು ಸೈಕಲ್ ಹತ್ತಿದರು. ನಾನು ಇಲ್ಲಿಯ ಬೆಂಚಿನ ಮೇಲೆ ಕೂತೆ. ನೀನು ಸೇತುವೆ ದಾಟಿಬಿಟ್ಟಿದ್ದರೆ ಏನು ಮಾಡುವುದು ಎಂದು ಯೋಚಿಸಲೂ ಧೈರ್ಯವಾಗಲಿಲ್ಲ. ಒಂದು ಗಂಟೆಯ ಮೇಲೆ ಫೋನು ಬಡಿದುಕೊಂಡಿತು. ಗುಮಾಸ್ತರು ನನ್ನ ಕಡೆ ನೋಡಿದರು. ಸೇತುವೆಯ ಮೇಲೆ ಸಿಕ್ಕಿದೆಯಂತೆ. ಮಾತು ಕೇಳಿ ಇನ್ನೊಮ್ಮೆ ಹೇಳಿಸಿಕೊಂಡೆಯಂತೆ. ಆಮೇಲೆ ರಸ್ತೆಯಲ್ಲೇ ಕೂತು ಬೂಟು ಬಿಚ್ಚಿದೆಯಂತೆ. ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಮಲಗಿಸಿದ್ದಾರೆ. ಊದಿದೆ, ಆದರೆ ನರ ಉಳಿದಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರಂತೆ. "ಅವರನ್ನ ಫೋನ್ ಹತ್ರ ಕರ್ಕೊಂಡು ಬರಲಾ?" ಎಂದು ತಂಗುಮನೆಯವರು ಕೇಳಿದರು. ಮೆಟ್ಟಿಲು ಇಳಿಸಬೇಡಿ ಅಂದೆ. ನಿನ್ನ ದನಿ ಕೇಳಿದರೆ ನಾನು ಇಲ್ಲಿ ಎಲ್ಲರ ಮುಂದೆ ಗೋಳಾಡುತ್ತಿದ್ದೆ, ಅದೂ ಒಂದು ಕಾರಣ.

ಆಪರೇಷನ್ ಮಾಡಿಸಿಕೋ. ಆಮೇಲೆ ಬಾ. ಆರು ತಿಂಗಳು ನೀನೂ ಅಂಗಡಿಯ ಒಳಗೆ ಕೂರಬೇಕಾಗುತ್ತದೆ. ಒಳಗೆ ಕೂರುವುದು ಹೇಗೆ ಎಂದು ನಾನು ಕಲಿಸುತ್ತೇನೆ, ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಸುಳ್ಳು ಬರೆದದ್ದಕ್ಕೆ ನಿನಗೆ ಕೋಪವಿರಬಹುದು. ನನಗೂ ನಿನ್ನ ಮೇಲಿದೆ. ಎದುರಿಗೆ ಬಂದಾಗ ಆಡೋಣ.

ಈಗ ನಾಲ್ಕೂಮುಕ್ಕಾಲು. ಬರುವಾಗ ನಿನ್ನನ್ನು ಹಿಡಿಯಬೇಕಿತ್ತು, ಹೇಗೋ ಬಂದೆ. ಹೋಗಲು ಅಂಥ ಅವಸರ ಏನೂ ಇಲ್ಲ, ಅದಕ್ಕೇ ಕಾಲು ಏಳುತ್ತಿಲ್ಲ. ಮಧ್ಯಾಹ್ನದಿಂದ ಇದೇ ಬೆಂಚಿನ ಮೇಲಿದ್ದೇನೆ. ಬಾಗಿಲಿನಿಂದ ಚೌಕ ಪೂರ್ತಿ ಕಾಣುತ್ತದೆ, ಜನ ಅದನ್ನು ನೋಡದೆಯೇ ದಾಟುತ್ತಿದ್ದಾರೆ. ಗುಮಾಸ್ತರು ಕಿಟಕಿ ಮುಚ್ಚಿದರು, ದೀಪ ಒಂದೊಂದೇ ಆರಿಸುತ್ತಿದ್ದಾರೆ. "ಅಮ್ಮಾ, ಮುಚ್ಚೋ ಹೊತ್ತಾಯ್ತು" ಎಂದು ಎರಡು ಸಲ ಹೇಳಿಯಾಯಿತು. "ಈ ಕಾಗದ ಒಂದು ಮುಗಿಸಿ ಹೊರಡ್ತೀನಿ" ಅಂದಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬುಗುರಿ. ಟೈಲರ್ ಹೇಗಿದ್ದಾರೆ ಎಂದು ಬರೆದೆನೇ? ಚೆನ್ನಾಗಿದ್ದಾರೆ. ಮಳೆ ಬರುವ ಹಾಗಿಲ್ಲ. ನಿನ್ನ ಬೂಟಿಗೆ ಹೊಸ ಅಟ್ಟೆ ಹಾಕಿಟ್ಟಿದ್ದೇನೆ.

ಬರೆಯಲು ಇನ್ನೇನೂ ಉಳಿದಿಲ್ಲ.

ಅಕ್ಕ